ಗಮನಮಾಪಕ ಯಂತ್ರದ ಸನ್ನಿಧಾನಕ್ಕೆ: ಒಂಬತ್ತು ಸೆಕೆಂಡುಗಳ ಕುರಿತು ಒಬ್ಬ ಪ್ಲಂಬರನ ವಿವರಣೆ

ಇವರಿಗೆ,
ಶ್ರೀಯುತ ಗಮನಮಾಪಕ ಯಂತ್ರ,
ಗಾಜಿನ ಕೋಣೆ, ನೆಲಮಹಡಿ,
ನಲ್ಲಿ ಮತ್ತು ಪೈಪು ಕಂಪನಿಯ ಮುಖ್ಯ ಕಚೇರಿ.

ವಿಷಯ: ಬ್ಲಾಗಿನ ಓದುಗರನ್ನು ಬೇಗ ಬಿಟ್ಟುಕೊಟ್ಟ ಅಪರಾಧದ ಬಗ್ಗೆ ವಿವರಣೆ, ಹಾಗೂ ಬೆಳಿಗ್ಗೆಯಿಂದ ಕಚೇರಿಯಲ್ಲಿ ಚಹಾ ಇಲ್ಲದಿರುವ ಬಗ್ಗೆ.

ಮಾನ್ಯರೇ,

ನಮಸ್ಕಾರಗಳು. ಗಾಜಿನ ಕೋಣೆಯಲ್ಲಿ, ಈ ಕಟ್ಟಡದಲ್ಲಿ ಇನ್ನಾರಿಗೂ ಇಲ್ಲದ ಏಸಿಯ ತಂಪಿನಲ್ಲಿ, ಧೂಳು ಕೂರದಂತೆ ನೀಲಿ ವೆಲ್ವೆಟ್ ಬಟ್ಟೆ ಹೊದ್ದುಕೊಂಡು ತಾವು ಕ್ಷೇಮವಾಗಿದ್ದೀರೆಂದೂ, ತಮ್ಮ ಹಸಿರು ದೀಪಗಳು ಹಸಿರಾಗಿಯೇ, ಕೆಂಪು ದೀಪಗಳು ಕೆಂಪಾಗಿಯೇ ಉರಿಯುತ್ತಿವೆಯೆಂದೂ ನಂಬಿ ಈ ಪತ್ರ ಬರೆಯುತ್ತಿದ್ದೇನೆ. ತಮಗೆ ನನ್ನ ಮುಖಪರಿಚಯ ಇರಲಾರದು. ತಮ್ಮ ನೆತ್ತಿಯ ಮೇಲಿನ ಮಹಡಿಯಲ್ಲಿ, ಚಹಾ ಕೋಣೆಗೆ ಅಂಟಿಕೊಂಡ ಮೇಜಿನಲ್ಲಿ ಕೂತು ಕಂಪನಿಯ ಬ್ಲಾಗ್ ಬರೆಯುವವನು ನಾನು. ಅದಕ್ಕೂ ಮುಂಚೆ ಹತ್ತೊಂಬತ್ತು ವರ್ಷ ಇದೇ ಕಂಪನಿಯ ಪ್ಲಂಬರ್ ಆಗಿದ್ದೆ. ಈ ಕಟ್ಟಡದ ಪೈಪುಗಳನ್ನೆಲ್ಲ ಕೂರಿಸಿದವನೂ ನಾನೇ. ಮಂಡಿ ಸವೆದು ಸಿಂಕಿನ ಕೆಳಗೆ ನುಸುಳಲು ಆಗದಾದ ಮೇಲೆ ಮ್ಯಾನೇಜರ್ ಸಾಹೇಬರು, "ಕೈಲಿ ಮಾಡ್ತಿದ್ದದ್ದನ್ನ ಈಗ ಬರೀರಿ, ಅಷ್ಟೇ" ಎಂದು ನನ್ನನ್ನು ಕುರ್ಚಿಗೆ ಹತ್ತಿಸಿದರು. ಅಷ್ಟೇ ಎಂದು ಅವರು ಹೇಳಿದ್ದನ್ನು ನಾನು ನಂಬಿದೆ.

ಈಗ ಬಂದಿರುವ ಸಂಗತಿ ತಮಗೆ ಗೊತ್ತೇ ಇದೆ, ತಮ್ಮಿಂದಲೇ ಬಂದದ್ದು. ನನ್ನ ಒಂದು ಲೇಖನದಲ್ಲಿ ಓದುಗರು ಸರಾಸರಿ ಒಂಬತ್ತು ಸೆಕೆಂಡು ಮಾತ್ರ ನಿಲ್ಲುತ್ತಾರೆಂದು ತಾವು ಕಾಗದದ ಪಟ್ಟಿಯ ಮೇಲೆ ಮುದ್ರಿಸಿ ಹೊರಹಾಕಿದಿರಿ. ಅದನ್ನು ಹಿಡಿದುಕೊಂಡು ಸಾಹೇಬರು ಮೆಟ್ಟಿಲು ಹತ್ತಿ ಬಂದು, ಶುಕ್ರವಾರ ಸಂಜೆ ನಾಲ್ಕರೊಳಗೆ ಲೇಖನವನ್ನು ಮೊದಲಿನಂತೆ ಮಾಡಬೇಕು, ಇಲ್ಲದಿದ್ದರೆ ವಿವರಣೆ ಬರೆದು ಮೇಜಿನ ಕೀಲಿಕೈ ಒಪ್ಪಿಸಬೇಕು ಎಂದರು. ವಿವರಣೆ ಯಾರಿಗೆ ಬರೆಯಲಿ ಎಂದು ಕೇಳಿದ್ದಕ್ಕೆ, "ನನಗೆ ಹೇಳಿ ಏನು ಪ್ರಯೋಜನ? ಯಂತ್ರ ಏನು ಹೇಳುತ್ತೋ ಅದೇ" ಎಂದರು. ಆದ್ದರಿಂದ ನೇರವಾಗಿ ತಮಗೇ ಬರೆಯುತ್ತಿದ್ದೇನೆ. ಬ್ಲಾಗಿನಲ್ಲಿ ಇಲ್ಲದ್ದನ್ನು ತಾವು ಓದಲಾರಿರಿ ಎಂಬ ಒಂದೇ ಕಾರಣಕ್ಕೆ ಬಹಿರಂಗವಾಗಿ ಬ್ಲಾಗಿನಲ್ಲೇ ಹಾಕಿದ್ದೇನೆ. ಇವತ್ತೇ ಶುಕ್ರವಾರ. ಚಹಾ ಏಕಿಲ್ಲವೆಂಬ ವಿಷಯವನ್ನು ಪತ್ರದ ಕೊನೆಯಲ್ಲಿ ತಿಳಿಸುತ್ತೇನೆ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುವ ನನ್ನ ಕೆಟ್ಟ ಚಾಳಿಯನ್ನು ತಿದ್ದಿದವರು ತಾವೇ ಅಲ್ಲವೇ?

ತಾವು ಬರುವುದಕ್ಕೆ ಮುಂಚೆ ನಾನು ಎಂಥ ಕತ್ತಲಲ್ಲಿದ್ದೆ ಎಂಬುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ನಲ್ಲಿ ತೊಟ್ಟಿಕ್ಕುತ್ತಿದ್ದರೆ ವಾಷರ್ ಬದಲಿಸಿ, ಅಳತೆ ಇಷ್ಟು, ಬಿಚ್ಚುವುದು ಹೀಗೆ ಎಂದು ಎಂಟು ಸಾಲು ಬರೆದು ಮುಗಿಸುತ್ತಿದ್ದೆ. ಜನ ಓದಿ ಹೊರಟುಹೋಗುತ್ತಿದ್ದರು. ಹೊರಟುಹೋದರೆಂದರೆ ನಲ್ಲಿ ಸರಿಹೋಯಿತು, ಅವರಿಗೆ ಬೇರೆ ಕೆಲಸವಿದೆ ಎಂದು ನಾನು ಬೆಪ್ಪನಂತೆ ಸಂತೋಷಪಡುತ್ತಿದ್ದೆ. ಆಮೇಲೆ ತಾವು ದಯಮಾಡಿಸಿದಿರಿ. ಓದುಗನೊಬ್ಬ ಪುಟ ತೆರೆದರೆ ತಮ್ಮ ಫಲಕದ ಮೇಲ್ತುದಿಯಲ್ಲಿ ಒಂದು ಹಸಿರು ದೀಪ ಹತ್ತುವುದು, ಓದುತ್ತಾ ಕೆಳಗೆ ಬಂದಂತೆ ಆ ದೀಪವೂ ಕೆಳಗಿಳಿಯುವುದು, ಎದ್ದು ಹೋದರೆ ಕೆಂಪಾಗಿ ಕೊಂಯ್ ಎಂದು ನರಳಿ ಆರುವುದು, ಇದನ್ನೆಲ್ಲ ಮೊದಲ ದಿನ ಕಂಡಾಗ ನಮ್ಮ ಕಚೇರಿಯವರೆಲ್ಲ ಬಾಯಿ ಬಿಟ್ಟುಕೊಂಡು ನಿಂತಿದ್ದೆವು. ನನ್ನ ವಾಷರ್ ಲೇಖನ ತೆರೆದ ಹದಿನಾಲ್ಕು ದೀಪಗಳು ಒಂದರ ಹಿಂದೊಂದು ಕೊಂಯ್, ಕೊಂಯ್ ಎಂದು ಆರಿದವು. ಹದಿನಾಲ್ಕು ನಲ್ಲಿಗಳು ಸರಿಹೋದವು ಎಂದು ನಾನು ಜೋರಾಗಿಯೇ ಹೇಳಿಬಿಟ್ಟೆ. ಸಾಹೇಬರು ನನ್ನತ್ತ ತಿರುಗಿ ನೋಡಿದ ರೀತಿಗೆ ಮೆಟ್ಟಿಲು ಹತ್ತಿ ನನ್ನ ಮೇಜಿಗೆ ಹೋಗಿ ಕೂತೆ.

ತಮ್ಮ ಸೇವೆಗೆಂದು ನೇಮಕವಾದ ಸಲಹೆಗಾರರು ಮರುವಾರವೇ ಬಂದರು. ಮೊದಲ ವಾಕ್ಯದಲ್ಲೇ ಓದುಗನಿಗೆ ಕೊಕ್ಕೆ ಹಾಕಿ ಎಳೆಯಬೇಕು ಎಂದು ಅವರು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದರಿಂದ ಕಚೇರಿಯಲ್ಲಿ ಅವರಿಗೆ ಕೊಕ್ಕೆ ಸಾಹೇಬರು ಎಂದೇ ಹೆಸರಾಯಿತು. ಬಹಳ ಒಳ್ಳೆಯ ಮನುಷ್ಯರು. ನಲ್ಲಿಯನ್ನು ಯಾವ ಕಡೆಗೆ ತಿರುಗಿಸಿದರೆ ನಿಲ್ಲುತ್ತದೆಂದು ಅವರಿಗೆ ತಿಳಿಯದು, ಆದರೆ ನಲ್ಲಿಯ ಬಗ್ಗೆ ಏನು ಬರೆದರೆ ಜನ ನಿಲ್ಲುತ್ತಾರೆಂದು ಚೆನ್ನಾಗಿ ತಿಳಿದವರು. ಓದುಗನಿಗೆ ಬೇಕಾದದ್ದನ್ನು ಯಾವತ್ತೂ ಮೊದಲು ಕೊಡಕೂಡದು, ಕೊಟ್ಟರೆ ಅವನು ತಗೊಂಡು ಹೋಗಿಬಿಡುತ್ತಾನೆ ಎಂಬುದು ಅವರ ಮೊದಲ ಪಾಠ. ಲೇಖಕನ ಬಾಲ್ಯ ಬರಬೇಕು. ಪ್ರತಿ ನಾಲ್ಕು ಪ್ಯಾರಾಕ್ಕೊಮ್ಮೆ, ಮುಂದೆ ಏನೋ ಕಾದಿದೆ ಎಂದು ಓದುಗನಿಗೆ ನೆನಪಿಸುತ್ತಿರಬೇಕು. (ಚಹಾದ ವಿಷಯ ಮುಂದೆ ಬರಲಿದೆ.) ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಲೇಖನದ ಮೂರನೇ ಎರಡು ಭಾಗ ಮುಗಿದ ಮೇಲೆ ಯಾರಾದರೂ ಸಾಯಬೇಕು. ನಲ್ಲಿ ರಿಪೇರಿಯಲ್ಲಿ ಯಾರು ಸಾಯುತ್ತಾರೆ ಎಂದು ಕೇಳಿದೆ. ಕೊಕ್ಕೆ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ನಿಮ್ಮ ಮನೇಲಿ ಯಾರ್‍ಯಾರಿದ್ದಾರೆ?" ಎಂದು ವಿಚಾರಿಸಿದರು.

ನನ್ನ ಮನೆಯಲ್ಲಿ ಯಾರೂ ಇಲ್ಲ. ಎರಡು ಬೀದಿ ಆಚೆ ನನ್ನ ಅಕ್ಕ ಇದ್ದಾಳೆ. ನನಗಿಂತ ಮೂರು ವರ್ಷ ದೊಡ್ಡವಳು, ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ, ಶಾಲೆಯ ಸಮವಸ್ತ್ರಗಳನ್ನು ಹೆಚ್ಚಾಗಿ. ಗಟ್ಟಿ ಆಳು, ನೆಗಡಿ ಬಂದರೂ ಹೊಲಿಗೆ ಯಂತ್ರದ ಮುಂದಿನಿಂದ ಏಳುವವಳಲ್ಲ. ಅಂಥವಳನ್ನು ಕೊಲ್ಲುವುದು ಸುಲಭವಿರಲಿಲ್ಲ, ಮಾನ್ಯರೇ. ತಮ್ಮ ಸೇವೆಯಲ್ಲಿ ಅದನ್ನೂ ಮಾಡಿದೆ.

"ಪೈಪ್ ಒಡೆದು ಮನೆಯೊಳಗೆ ನೀರು ನುಗ್ಗಿದಾಗ ಏನು ಮಾಡಬೇಕು" ಎಂಬ ಲೇಖನ ಮೊದಲು ಒಂದೇ ಸಾಲಿನದಾಗಿತ್ತು: ಮೊದಲು ಮೇನ್ ವಾಲ್ವ್ ಮುಚ್ಚಿ, ಅದು ಹೊರಗೆ ಮೀಟರಿನ ಪಕ್ಕ ಮುಚ್ಚಳದ ಕೆಳಗಿರುತ್ತದೆ, ಬಲಕ್ಕೆ ತಿರುಗಿಸಿ. ಅದನ್ನು ನಾವು ಮೂವತ್ತೊಂದು ಪ್ಯಾರಾಗಳಿಗೆ ಬೆಳೆಸಿದೆವು. ಮೊದಲ ಪ್ಯಾರಾದಲ್ಲಿ ನೀರೆಂದರೇನು ಎಂಬ ಪ್ರಶ್ನೆ ಎತ್ತಿ, ಐದನೆಯದರಲ್ಲಿ ನನ್ನ ಬಾಲ್ಯಕ್ಕೆ ಬಂದು, ಹನ್ನೆರಡನೆಯದರಲ್ಲಿ ಅಕ್ಕನೂ ನಾನೂ ಬೀದಿಯ ಕೊನೆಯ ನಲ್ಲಿಯಿಂದ ಒಂದು ಬಕೆಟ್ಟನ್ನು ಇಬ್ಬರೂ ಒಂದೊಂದು ಕಡೆ ಹಿಡಿದು ತರುತ್ತಿದ್ದುದನ್ನು ಹೇಳಿ (ಇದೊಂದು ಮಾತ್ರ ನಿಜ), ಇಪ್ಪತ್ತೊಂದನೆಯದರಲ್ಲಿ ಅವಳಿಗೆ ಜ್ವರ ಬರಿಸಿದೆವು. ಏಳು ಪ್ಯಾರಾ ನರಳಿ, ಇಪ್ಪತ್ತೆಂಟರಲ್ಲಿ ಒಂಬತ್ತು ವರ್ಷದ ನನ್ನ ಅಕ್ಕ, ನನ್ನ ಕೈ ಹಿಡಿದುಕೊಂಡು, ಹಳೆಯ ವಾಷರುಗಳನ್ನು ಸಕಾಲದಲ್ಲಿ ಬದಲಿಸುವಂತೆ ಮಾತು ತಗೊಂಡು ಕಣ್ಣು ಮುಚ್ಚಿದಳು. ಇನ್ನೆರಡು ಪ್ಯಾರಾ ನಾನು ಅತ್ತೆ. ಮೂವತ್ತೊಂದರಲ್ಲಿ ಮೇನ್ ವಾಲ್ವ್ ಬಂತು.

ತಮ್ಮ ದೀಪಗಳು ಆ ವಾರ ಬೆಳಗಿದ್ದನ್ನು ತಾವೇ ಬಲ್ಲಿರಿ. ಸರಾಸರಿ ಹದಿನಾಲ್ಕು ನಿಮಿಷ! ಅರುವತ್ತೊಂದು ಜನ ಸಂತಾಪ ಸೂಚಿಸಿದರು. ನಿವೃತ್ತ ಅಂಚೆಯವರೊಬ್ಬರು ನನ್ನ ಅಕ್ಕನ ಮೇಲೆ ಹದಿನಾರು ಚರಣಗಳ ಕವಿತೆ ಬರೆದು ಕಳಿಸಿದರು. ಅದರಲ್ಲಿ ವಾಷರ್ ಎಂಬ ಪದಕ್ಕೆ ಪ್ರಾಸ ಸಿಗದೆ ಅವರು ಪಟ್ಟಿರುವ ಪಾಡು ನನ್ನ ಕಣ್ಣಲ್ಲೂ ನೀರು ತರಿಸಿತು. ಸಾಹೇಬರು ನನ್ನ ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಇನ್ನು ಆ ಮಂಗಳವಾರದ ವಿಚಾರ. ಬೆಳಿಗ್ಗೆ ಹನ್ನೊಂದಕ್ಕೆ ಸಾಹೇಬರು, ಕೊಕ್ಕೆ ಸಾಹೇಬರು, ನಾನು, ಮೂವರೂ ತಮ್ಮ ಗಾಜಿನ ಮುಂದೆ ನಿಂತಿದ್ದೆವು. ಫಲಕದಲ್ಲಿ ಒಂದು ಹಸಿರು ದೀಪ ಹತ್ತಿತು. ಜೊತೆಗೆ ಹತ್ತಿದ್ದ ಬೇರೆ ದೀಪಗಳು ಒಂದೊಂದಾಗಿ ಕೆಂಪಾಗಿ ಆರಿದರೂ ಇದು ಮಾತ್ರ ಬಿಡದೆ ಇಳಿಯಿತು. ಹತ್ತನೇ ಪ್ಯಾರಾ ದಾಟಿತು, ಹದಿನೈದು ದಾಟಿತು. ಇಪ್ಪತ್ತೊಂದರಲ್ಲಿ, ಜ್ವರ ಬರುವ ಜಾಗದಲ್ಲಿ, ಗಕ್ಕನೆ ನಿಂತಿತು. ನಮ್ಮ ಮೂವರ ಉಸಿರೂ ನಿಂತಿತು. ಆಮೇಲೆ ಆ ದೀಪ ಸರ್‍ರನೆ ಮೇಲಕ್ಕೆ, ಶೀರ್ಷಿಕೆಯ ತನಕ ಹೋಗಿ, ಮತ್ತೆ ಇಪ್ಪತ್ತೊಂದಕ್ಕೆ ಇಳಿದು, ಈ ಸಲ ಒಂದೊಂದೇ ಸಾಲನ್ನು ನಿಧಾನವಾಗಿ ಸವೆಸುತ್ತಾ ಕೆಳಗಿಳಿಯಿತು. ಇಂಥ ಓದುಗನನ್ನು ಈವರೆಗಿನ ವೃತ್ತಿಜೀವನದಲ್ಲೇ ಕಂಡಿಲ್ಲ ಎಂದು ಕೊಕ್ಕೆ ಸಾಹೇಬರು ಪಿಸುಗುಟ್ಟಿದರು. ಇಪ್ಪತ್ತೆರಡು ನಿಮಿಷ ನಲವತ್ತು ಸೆಕೆಂಡಿಗೆ ದೀಪ ಮೂವತ್ತೊಂದನೇ ಪ್ಯಾರಾ ಮುಟ್ಟಿದಾಗ ತಾವು ಗಂಟೆ ಬಾರಿಸಿದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದವನು ನಾನು. ನನಗೊಂದು ಪ್ರಶಸ್ತಿಪತ್ರ ಕೊಟ್ಟು, ಅದನ್ನು ಹಿಡಿದುಕೊಂಡು ತಮ್ಮ ಪಕ್ಕ ನಿಲ್ಲಿಸಿ ಫೋಟೋ ತೆಗೆದರು.

ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಕೈಗೆ ಬಂತು. ಬರೆಯುವವರ ಗಮನ ಚದುರಬಾರದೆಂದು ನಮ್ಮ ಫೋನುಗಳನ್ನು ಬಾಗಿಲ ಬಳಿಯ ಮರದ ಪೆಟ್ಟಿಗೆಯಲ್ಲಿ ಇಡುವ ಪದ್ಧತಿ ತಮ್ಮ ಆಗಮನದ ನಂತರ ಬಂದದ್ದು. ಅಕ್ಕ ನಾಲ್ಕು ಸಲ ಕರೆ ಮಾಡಿದ್ದಳು. ಎಲ್ಲವೂ ಹನ್ನೊಂದಕ್ಕೆ ಸ್ವಲ್ಪ ಮುಂಚಿನವು.

ನಾನು ಹೋದಾಗ ಅಕ್ಕ ಅಡುಗೆಮನೆಯಲ್ಲಿ ಸೀರೆ ಎತ್ತಿ ಕಟ್ಟಿಕೊಂಡು ಪೊರಕೆಯಲ್ಲಿ ನೀರು ಹೊರತಳ್ಳುತ್ತಿದ್ದಳು. ಸಿಂಕಿನ ಕೆಳಗಿನ ಪೈಪು ಒಡೆದಿತ್ತು. ಕತ್ತರಿಸಿಟ್ಟಿದ್ದ ನಲವತ್ತು ಮಕ್ಕಳ ಸಮವಸ್ತ್ರದ ಬಟ್ಟೆ ಒಂದು ರಾಶಿ ಒದ್ದೆ ಮುದ್ದೆಯಾಗಿ ಬಾಗಿಲ ಹತ್ತಿರ ಬಿದ್ದಿತ್ತು. ನೆಲದ ಮೇಲಿದ್ದ ಹೊಲಿಗೆ ಯಂತ್ರದ ಮೋಟಾರು ಸುಟ್ಟು ವಾಸನೆ ಬರುತ್ತಿತ್ತು. ಆ ಮನೆಗೆ ಪೈಪು ಹಾಕಿದವನು ನಾನು, ಮಾನ್ಯರೇ. ವಾಲ್ವ್ ಎಲ್ಲಿದೆಯೆಂದು ಅಕ್ಕನಿಗೆ ಒಂದು ದಿನವೂ ತೋರಿಸಿರಲಿಲ್ಲ. ನಾನಿದ್ದೇನಲ್ಲ ಎಂಬ ಧಿಮಾಕು. ನಾನು ಫೋನು ಎತ್ತದಿದ್ದಾಗ ಅವಳು, ತಮ್ಮ ಬರೆದಿರುತ್ತಾನೆ ಎಂದು ಬ್ಲಾಗ್ ತೆರೆದಳು. ಪಾದ ಮುಳುಗುವಷ್ಟು ನೀರಿನಲ್ಲಿ ನಿಂತುಕೊಂಡು, ನೀರೆಂದರೇನು ಎಂಬಲ್ಲಿಂದ ಶುರುಮಾಡಿದಳು.

ನನ್ನ ಕೈಯಲ್ಲಿ ಪ್ರಶಸ್ತಿಪತ್ರ ಇನ್ನೂ ಇತ್ತು. ಅಕ್ಕ ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಮಧ್ಯದಲ್ಲೇ ಬೈಕೊಂಡು ಮುಚ್ಚಿಬಿಡೋಣ ಅಂತಿದ್ದೆ ಕಣೋ. ಅಷ್ಟರಲ್ಲಿ ನನಗೇ ಜ್ವರ ಬಂತು. ಮೇಲೆ ಹೋಗಿ ಹೆಸರು ನೋಡಿದೆ, ನಿಂದೇ. ಹೇಗೆ ಸತ್ತೆ ಅಂತ ತಿಳ್ಕೊಳ್ಳದೆ ಬಿಡೋದಾದ್ರೂ ಹೇಗೆ?" ಎಂದಳು. ನಾನು ಚಪ್ಪಾಳೆ ತಟ್ಟುತ್ತಿದ್ದಾಗ ಈ ನೀರು ಏರುತ್ತಿತ್ತೆಂಬುದು ಇವತ್ತಿಗೂ ನನ್ನ ಎದೆಯಲ್ಲಿ ಕುಕ್ಕುತ್ತದೆ. ಅಕ್ಕ ಅಳಲಿಲ್ಲ, ಕೂಗಾಡಲಿಲ್ಲ. ಪೊರಕೆಯನ್ನು ಗೋಡೆಗೆ ಆನಿಸಿಟ್ಟು ಒಂದೇ ಮಾತು ಹೇಳಿದಳು: "ನಾನು ಸತ್ತಿದ್ದಕ್ಕೆ ಬೇಜಾರಿಲ್ಲ. ಆ ಒಂದು ಸಾಲು ತಗೊಂಡು ಮೇಲೆ ಹಾಕು. ಇನ್ನೊಬ್ಬಳು ನೀರಲ್ಲಿ ನಿಂತ್ಕೊಂಡು ನನ್ನ ಸಾವು ಓದೋದು ಬೇಡ."

ನಾನು ಹಾಕಿದೆ. ಮರುದಿನ ಬೆಳಿಗ್ಗೆ ಯಾರೂ ಬರುವ ಮುಂಚೆ ಆ ಸಾಲನ್ನು ಮೂವತ್ತೊಂದರಿಂದ ಕಿತ್ತು ಶೀರ್ಷಿಕೆಯ ಕೆಳಗೇ ಕೂರಿಸಿದೆ. ಉಳಿದ ಮೂವತ್ತು ಪ್ಯಾರಾಗಳನ್ನು, ಕಂಪನಿಯ ಆಸ್ತಿಯೆಂದು, ಮುಟ್ಟಲಿಲ್ಲ. ಅಂದಿನಿಂದ ಆ ಲೇಖನ ತೆರೆದ ದೀಪಗಳು ಹತ್ತಿದ ಜಾಗದಲ್ಲೇ ಆರತೊಡಗಿದವು. ತಾವು ಒಂಬತ್ತು ಸೆಕೆಂಡು ಎಂದು ಮುದ್ರಿಸಿದಿರಿ. ತಮ್ಮ ಲೆಕ್ಕ ತಪ್ಪೆಂದು ನಾನು ಹೇಳುತ್ತಿಲ್ಲ. ತಮ್ಮ ಲೆಕ್ಕ ಯಾವತ್ತು ತಪ್ಪಿದೆ? ಒಂದು ಸಾಲು ಓದಿ, ಕೈಯಲ್ಲಿದ್ದದ್ದನ್ನು ಬಿಸಾಡಿ, ಹೊರಗೆ ಓಡುವುದಕ್ಕೆ ಮನುಷ್ಯನಿಗೆ ಸುಮಾರು ಅಷ್ಟೇ ಹೊತ್ತು ಬೇಕು. ಆ ವಾರ ಬಂದ ಪ್ರತಿಕ್ರಿಯೆ ಒಂದೇ ಒಂದು, ಯಾರೋ ಹೆಸರು ಹಾಕದೆ ಬರೆದದ್ದು: "ಮುಚ್ಚಿದೆ. ನಿಂತಿತು." ಅರುವತ್ತೊಂದು ಸಂತಾಪಗಳನ್ನೂ ಹದಿನಾರು ಚರಣಗಳನ್ನೂ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು ಈ ಎರಡು ಪದಗಳನ್ನು ಇನ್ನೊಂದರಲ್ಲಿಟ್ಟರೆ ಯಾವುದು ತೂಗುತ್ತದೆಂದು ನನ್ನನ್ನು ಕೇಳಬೇಡಿ, ನನಗೆ ಪಕ್ಷಪಾತವಿದೆ.

ಅಕ್ಕ ಬದುಕಿರುವುದರಿಂದ ಕಚೇರಿಗೆ ಆಗಿರುವ ತೊಂದರೆಗಳ ಬಗ್ಗೆಯೂ ಕ್ಷಮೆ ಕೋರಬೇಕು. ಕಳೆದ ವಾರ ಅವಳು ನನ್ನ ಊಟದ ಡಬ್ಬಿ ತಂದಾಗ, ಕೆಳಗೆ ಅಂಗಡಿಯಲ್ಲಿ ನಲ್ಲಿ ಕೊಳ್ಳಲು ಬಂದಿದ್ದ ಓದುಗರೊಬ್ಬರು ನನಗೆ ಸಾಂತ್ವನ ಹೇಳುತ್ತಿದ್ದರು. ಸಾಹೇಬರು ತಬ್ಬಿಬ್ಬಾಗಿ ಅಕ್ಕನನ್ನು ಹಿಂಬಾಗಿಲ ಮೆಟ್ಟಿಲಿಗೆ ಕಳಿಸಿ, ಇನ್ನು ಮುಂದೆ ತೀರಿಕೊಂಡವರು ಮುಂಬಾಗಿಲಿಂದ ಬರಬಾರದೆಂದು ಕಾವಲಿನವನಿಗೆ ಅಪ್ಪಣೆ ಮಾಡಿದರು. ಅಕ್ಕನನ್ನು ಬ್ಲಾಗಿನಲ್ಲಿ ಬದುಕಿಸಲು ಅನುಮತಿ ಕೇಳಿ ನಾನು ಅರ್ಜಿ ಹಾಕಿದ್ದೆ. ಸತ್ತವರು ಎದ್ದು ಬಂದರೆ ನಮ್ಮ ನಲ್ಲಿಗಳ ಮೇಲಿನ ನಂಬಿಕೆ ಹೋಗುತ್ತದೆ ಎಂದು ಅದು ತಿರಸ್ಕೃತವಾಯಿತು. ಡಬ್ಬಿ ಈಗ ಹಿಂಬಾಗಿಲಿಂದಲೇ ಬರುತ್ತಿದೆ, ತಣ್ಣಗಾಗಿ.

ಈಗ ನನ್ನ ಬೇಡಿಕೆಗಳು. ತಮಗೆ ದೊಡ್ಡದೇನಲ್ಲವೆಂದು ನಂಬಿದ್ದೇನೆ. ತಮ್ಮ ಫಲಕದಲ್ಲಿ ಪ್ರತಿ ಹಸಿರು ದೀಪದ ಪಕ್ಕ ಒಂದು ಸಣ್ಣ ನೀಲಿ ದೀಪವನ್ನೂ ಅಳವಡಿಸಿಕೊಂಡು, ಆ ಓದುಗನ ಪಾದ ಒಣಗಿದೆಯೋ ಒದ್ದೆಯಾಗಿದೆಯೋ ತೋರಿಸುವ ಕೃಪೆ ಮಾಡಬೇಕು. ನೀರು ಮಂಡಿಯ ತನಕ ಬಂದವರಿಗೆ ನನ್ನ ಬಾಲ್ಯದಿಂದ ರಿಯಾಯಿತಿ ಕೊಡಬೇಕು; ಸೊಂಟದ ತನಕ ಬಂದವರನ್ನು ನೇರವಾಗಿ ಅಕ್ಕನ ಸಾವಿನ ನಂತರದ ಭಾಗಕ್ಕೆ ಕರೆದೊಯ್ಯಬೇಕು. ಬೇಗ ಪುಟ ಮುಚ್ಚಿದವರಲ್ಲಿ ಎಷ್ಟು ಜನ ಬೇಸತ್ತು ಹೋದರು, ಎಷ್ಟು ಜನ ಕೆಲಸವಾಯಿತೆಂದು ಹೋದರು ಎಂಬುದನ್ನು ಬೇರೆ ಬೇರೆ ಪಟ್ಟಿಯಲ್ಲಿ ಮುದ್ರಿಸಬೇಕು. ಇದಾವುದೂ ಆಗದಿದ್ದರೆ, ಕಡೇ ಪಕ್ಷ ತಮ್ಮ ಆ ಕೊಂಯ್ ಎಂಬ ನರಳಾಟವನ್ನು ನಿಲ್ಲಿಸಿ, ಒಬ್ಬ ಓದುಗ ಬೇಗ ಎದ್ದು ಹೋದಾಗ "ಹೋಗಿಬನ್ನಿ" ಎಂದು ಹೇಳುವುದನ್ನಾದರೂ ಕಲಿಯಬೇಕು.

ಇದರ ನಡುವೆ ತಮ್ಮ ಕೀರ್ತಿ ಬ್ಲಾಗನ್ನು ಮೀರಿ ಹಬ್ಬಿದೆ ಎಂಬ ಸಂತೋಷದ ಸುದ್ದಿಯನ್ನೂ ತಿಳಿಸುತ್ತೇನೆ. ಕಚೇರಿಯ ಒಳಗಿನ ಎಲ್ಲ ಬರಹಗಳೂ ತಮ್ಮ ನಿಯಮದ ಪ್ರಕಾರವೇ ಇರಬೇಕೆಂದು ಆದೇಶವಾಗಿದೆ. ಬೆಂಕಿ ಬಿದ್ದರೆ ಇಳಿಯಬೇಕಾದ ಮೆಟ್ಟಿಲಿನ ಫಲಕ ಈಗ ಆದಿಮಾನವನು ಎರಡು ಕಲ್ಲು ಉಜ್ಜುವಲ್ಲಿಂದ ಶುರುವಾಗುತ್ತದೆ. ಬಾಣದ ಗುರುತು ನಾಲ್ಕನೇ ಹಾಳೆಯಲ್ಲಿದೆ. ಶೌಚಾಲಯದ ಎರಡೂ ಬಾಗಿಲುಗಳ ಮೇಲೆ ಗಂಡಸರು, ಹೆಂಗಸರು ಎಂಬ ಹಳೇ ಫಲಕ ತೆಗೆದು, "ಈ ಬಾಗಿಲ ಹಿಂದೆ ಯಾರಿದ್ದಾರೆಂದು ತಿಳಿದರೆ ನೀವು ಬೆರಗಾಗುತ್ತೀರಿ" ಎಂದು ಬರೆಸಲಾಗಿದೆ. ನಿಜವಾಗಿಯೂ ಬೆರಗಾಗುತ್ತಿದ್ದೇವೆ. ಮೊನ್ನೆ ಲೆಕ್ಕಪತ್ರ ವಿಭಾಗದ ಹಿರಿಯರು ಬೆರಗಾದ ಸದ್ದು ಎರಡು ಮಹಡಿಗೂ ಕೇಳಿಸಿತು.

ಇದೇ ಆದೇಶದ ಪ್ರಕಾರ, ಹೋದ ಸೋಮವಾರ ನಾನು ಸಾಹೇಬರಿಗೆ ಕೊಟ್ಟ ಒಂಬತ್ತು ಪದಗಳ ಒಂದು ಚೀಟಿ ನನಗೆ ಹಿಂದಿರುಗಿ ಬಂತು. ಅದರ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, "ಗಮನ ಹಿಡಿದಿಡುವುದಿಲ್ಲ. ಕೊಕ್ಕೆ ಇಲ್ಲ, ಬಾಲ್ಯ ಇಲ್ಲ. ವಿಸ್ತರಿಸಿ ಬರೆಯಿರಿ" ಎಂದಿತ್ತು. ತಪ್ಪು ನನ್ನದೇ, ಹೇಳಬೇಕಾದದ್ದನ್ನು ಒಂಬತ್ತೇ ಪದಗಳಲ್ಲಿ ಹೇಳಿ ಮುಗಿಸಿಬಿಟ್ಟಿದ್ದೆ. ಅದನ್ನು ವಿಸ್ತರಿಸಿ ಬರೆದಿರುವುದೇ ಈ ಪತ್ರ. ಕೊಕ್ಕೆಯಾಗಿ ಚಹಾ ಇದೆ, ಬಾಲ್ಯ ಇದೆ, ಅಕ್ಕ ಒಮ್ಮೆ ಸತ್ತಿದ್ದಾಳೆ. ಇನ್ನು ಯಾವ ಕೊರತೆಯೂ ಇಲ್ಲವೆಂದು ಭಾವಿಸುತ್ತೇನೆ.

ಕೊನೆಯದಾಗಿ ನನ್ನ ಉತ್ತರ. ಆ ಸಾಲನ್ನು ಕೆಳಗಿಳಿಸುವುದು ನನ್ನಿಂದಾಗದು. ಅಕ್ಕನಿಗೆ ಮಾತು ಕೊಟ್ಟಿದ್ದೇನೆ. ನಾನು ಬರೆದ ಲೇಖನದಲ್ಲಿ ಅವಳು ನನ್ನಿಂದ ತಗೊಂಡ ಮಾತು ಸುಳ್ಳು, ಒದ್ದೆ ನೆಲದ ಮೇಲೆ ನಿಂತು ತಗೊಂಡದ್ದು ನಿಜ. ಮೇಜಿನ ಕೀಲಿಕೈಯನ್ನು ತಮ್ಮ ವೆಲ್ವೆಟ್ ಬಟ್ಟೆಯ ಮೇಲೆ ಇಟ್ಟಿದ್ದೇನೆ. ಪ್ರಶಸ್ತಿಪತ್ರವನ್ನು ಮಾತ್ರ ವಾಪಸು ಕೊಡಲಾಗುತ್ತಿಲ್ಲ; ಅಕ್ಕ ಅದರ ಹಿಂಬದಿಯಲ್ಲಿ ಮಕ್ಕಳ ಅಳತೆ ಬರೆದುಕೊಂಡಿದ್ದಾಳೆ. ಆ ಒಂದು ಸಾಲನ್ನು ಅವಳು ಕೆಂಪು ದಾರದಲ್ಲಿ ಬಟ್ಟೆಯ ತುಂಡಿನ ಮೇಲೆ ಹೊಲಿದು ಸಿಂಕಿನ ಮೇಲೆ ನೇತುಹಾಕಿದ್ದಾಳೆ. ಅಕ್ಕಪಕ್ಕದವರು ಬಂದು ನೋಡಿ ತಮಗೂ ಒಂದೊಂದು ಬೇಕೆಂದು ಹೇಳಿಹೋಗಿದ್ದಾರೆ, ಆದ್ದರಿಂದ ನಾಳೆಯಿಂದ ನನಗೂ ಕೈತುಂಬ ಕೆಲಸವಿದೆ. ಮನೆಮನೆಗೆ ಹೋಗಿ ವಾಲ್ವ್ ಎಲ್ಲಿದೆಯೆಂದು ತೋರಿಸುವುದಕ್ಕೆ ಮಂಡಿ ಬಗ್ಗಿಸಬೇಕಾಗಿಲ್ಲ.

ತಮ್ಮ ಗಮನ ಸದಾ ಹೀಗೇ ಅಚಲವಾಗಿರಲಿ, ತಮ್ಮ ಏಸಿ ಎಂದೂ ಕೆಡದಿರಲಿ ಎಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ,
ಚಹಾ ಕೋಣೆಯ ಪಕ್ಕದ ಮೇಜಿನವನು,
ಬದುಕಿರುವ ಅಕ್ಕನ ತಮ್ಮ.

ತಾ.ಕ.: ಆ ಚೀಟಿಯಲ್ಲಿದ್ದ ಒಂಬತ್ತು ಪದಗಳು ಇವು: "ಚಹಾ ಕೋಣೆಯ ಪೈಪು ಯಂತ್ರದ ಮೇಲೆ ಸೋರುತ್ತಿದೆ, ಒಡೆಯುವ ಮುಂಚೆ ಬದಲಿಸಿ." ಇವತ್ತು ಬೆಳಿಗ್ಗೆ ಎಂಟೂಕಾಲಿಗೆ, ಕಚೇರಿಯಲ್ಲಿ ನಾನೊಬ್ಬನೇ ಇದ್ದಾಗ, ಅದು ಒಡೆಯಿತು. ಗಾಬರಿಯಾಗಬೇಡಿ. ಅಕ್ಕ ಹೇಳಿಕೊಟ್ಟಂತೆ ಮೊದಲು ಕಟ್ಟಡದ ಮೇನ್ ವಾಲ್ವ್ ಮುಚ್ಚಿ, ಆಮೇಲೆ ಪೈಪು ಬದಲಿಸಿ, ತಮ್ಮ ಮೇಲೆ ಬಿದ್ದ 
ನಾಲ್ಕು ಹನಿಗಳನ್ನು ತಮ್ಮ ವೆಲ್ವೆಟ್ಟಿನಿಂದಲೇ ಒರೆಸಿ, ಅದಾದ ಮೇಲೆ ಈ ಪತ್ರ ಬರೆಯಲು ಕೂತೆ. ಚಹಾ ಇಲ್ಲದಿರುವುದಕ್ಕೆ ಕಾರಣ ಇಷ್ಟೇ: ವಾಲ್ವ್ ಇನ್ನೂ ಮುಚ್ಚಿದೆ. ತೆರೆದರೆ ಚಹಾ ಕೋಣೆಗೂ, ಬೆರಗಿನ ಬಾಗಿಲುಗಳ ಹಿಂದಕ್ಕೂ ನೀರು ಬರುತ್ತದೆ. ಅದು ಎಲ್ಲಿದೆಯೆಂದು ಸಾಹೇಬರು ಯಾವತ್ತೂ ಕೇಳಿದವರಲ್ಲ, ಆದ್ದರಿಂದ "ನಮ್ಮ ಕಟ್ಟಡದ ಮೇನ್ ವಾಲ್ವ್ ಎಲ್ಲಿದೆ?" ಎಂಬ ಹೊಸ ಲೇಖನವನ್ನು ಈಗಷ್ಟೇ ಬ್ಲಾಗಿಗೆ ಏರಿಸಿದ್ದೇನೆ. ನಿಯಮದ ಪ್ರಕಾರ ಮೂವತ್ತೊಂದು ಪ್ಯಾರಾ ಇದೆ, ಉತ್ತರ ಕೊನೆಯದರಲ್ಲಿದೆ. ಅಕ್ಕ ಇನ್ನೊಮ್ಮೆ ಸಾಯಲು ಒಪ್ಪದ ಕಾರಣ, ಈ ಸಲ ಇಪ್ಪತ್ತೆಂಟನೇ ಪ್ಯಾರಾದಲ್ಲಿ ಮ್ಯಾನೇಜರ್ ಸಾಹೇಬರು ತೀರಿಕೊಳ್ಳುತ್ತಾರೆ. ಹೇಗೆಂದು ಇಲ್ಲೇ ಹೇಳಿಬಿಡುವುದು ನಿಯಮಕ್ಕೆ ವಿರುದ್ಧ.